ಗೋಡೆಯಾಚೆಯ ರೊಟ್ಟಿ ಸಪ್ಪಳ

ದೆವ್ವ, ಶಕುನ, ಕನಸಿನ ಫಲ, ಇಂಥದ್ದನ್ನೆಲ್ಲ ನಂಬುವವರ ಎದುರಿಗೇ ನಕ್ಕವಳು ನಾನು. ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಕಾರಣವಿಲ್ಲದೆ ಗಾಜಿನ ಕೊಳವೆಯೊಳಗಿನ ನೀರಿನ ಬಣ್ಣ ಕೂಡ ಬದಲಾಗುವುದಿಲ್ಲ ಎಂಬುದನ್ನು ದಿನವೂ ನೋಡುವವಳು. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ, "ಪಾಪ, ರಾತ್ರಿ ನಿದ್ದೆ ಬಂದಿರಲಿಲ್ಲವೇನೋ" ಎಂದು ಎದ್ದು ಹೋಗುತ್ತಿದ್ದೆ. ನೀವೂ ಹಾಗೆ ಎದ್ದು ಹೋದರೆ ನನಗೆ ಬೇಸರವಿಲ್ಲ.

ದೆವ್ವಕ್ಕೆ ಹೆದರದ ನಾನು ಮನುಷ್ಯರ ಕಣ್ಣಿಗೆ ಮಾತ್ರ ಚಿಕ್ಕಂದಿನಿಂದ ಹೆದರುತ್ತಿದ್ದೆ. ಒಬ್ಬಳೇ ಇದ್ದರೆ ಎಲ್ಲ ಕೆಲಸವೂ ಬರುತ್ತಿತ್ತು. ಯಾರಾದರೂ ಪಕ್ಕದಲ್ಲಿ ನಿಂತು ನೋಡಿದರೆ ಕೈ ನಡುಗಿ, ರಂಗೋಲಿಯ ಗೆರೆ ಸೊಟ್ಟಗಾಗುತ್ತಿತ್ತು. ಇಂಥವಳು ಮಂಡ್ಯದ ಕಡೆಯಿಂದ ಜೋಳದ ಸೀಮೆಯ ನವನಗರಕ್ಕೆ ಸೊಸೆಯಾಗಿ ಬಂದೆ. ಮುದ್ದೆ ತಿರುವಿದ ಕೈಗೆ ಜೋಳದ ರೊಟ್ಟಿ ಬಂದು ಕೂತಿತು. ಮುದ್ದೆಯನ್ನು ಕೋಲು ಹಿಡಿದು ಗದರಿಸಬಹುದು. ರೊಟ್ಟಿ ಹಾಗಲ್ಲ, ಬಡಿಯಬೇಕು, ಆದರೆ ಅದಕ್ಕೆ ನೋಯಬಾರದು. ನನ್ನ ರೊಟ್ಟಿ ಅಂಗೈಯಗಲ ಆಗುವಷ್ಟರಲ್ಲಿ ಅಂಚು ಬಿರಿಯುತ್ತಿತ್ತು, ಎತ್ತಿ ಹಂಚಿಗೆ ಹಾಕುವಾಗ ನಡುವೆ ಹರಿಯುತ್ತಿತ್ತು.

ಅತ್ತೆ ಒಂದು ದಿನವೂ ಬೈದವರಲ್ಲ. "ಇರ್ಲಿ ಬಿಡವಾ, ನೀ ಪಲ್ಯಾ ಮಾಡು, ರೊಟ್ಟಿ ನಾ ಬಡೀತೇನಿ" ಎಂದು ವರ್ಷಗಟ್ಟಲೆ ನನ್ನ ಮಾನ ಕಾಪಾಡಿದರು. ಆ ಪ್ರೀತಿಯಲ್ಲಿ ನನ್ನ ಭಯ ಚೆನ್ನಾಗಿ ಬೆಳೆಯಿತು.

ನಾಗರಪಂಚಮಿಗೆ ಮುಂಚೆ ಇಲ್ಲಿ ರೊಟ್ಟಿ ಹಬ್ಬ ಬರುತ್ತದೆ. ಪ್ರತಿ ಮನೆಯವರೂ ಓಣಿಯ ಮನೆಮನೆಗೆ ರೊಟ್ಟಿ, ಕಾಳುಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ ಕೊಟ್ಟು ಬರುತ್ತಾರೆ. ಸಂಜೆಯ ಹೊತ್ತಿಗೆ ಒಂದೇ ಬುಟ್ಟಿಯಲ್ಲಿ ಹತ್ತು ಕೈಗಳ ರೊಟ್ಟಿ ಸೇರಿರುತ್ತದೆ. ಹೆಂಗಸರು ಅಂಚು ನೋಡಿಯೇ ಇದು ಯಾರ ಕೈ ಎಂದು ಹೇಳಿಬಿಡುತ್ತಾರೆ. ನನಗೆ ಇದು ತಿಳಿದದ್ದು ತಡವಾಗಿ. ಒಂದು ವರ್ಷ ಅತ್ತೆ ಪಂಚಮಿಗೆಂದು ತವರು ಶಿರಗುಪ್ಪಿಗೆ ಹೋಗಿದ್ದಾಗ, ನಾನು ಬೆಂಗೇರಿಯ ಅಂಗಡಿಯೊಂದರಿಂದ ರೊಟ್ಟಿ ತಂದು, ನನ್ನದೇ ಎಂದು ಹಂಚಿದೆ. ಎಲ್ಲ ಒಂದೇ ಅಳತೆ, ತಟ್ಟೆಯಂತೆ ದುಂಡಗೆ! ಸಂಜೆ ಕಟ್ಟೆಯ ಮೇಲೆ, "ಏನವಾ, ನಿನ್ನ ಕೈ ಮಷಿನ್ ಆಗ್ಯಾವೇನು?" ಎಂದು ನಕ್ಕರು. ಪ್ರೀತಿಯಿಂದಲೇ ನಕ್ಕರು, ಸುಳ್ಳೇಕೆ ಹೇಳಲಿ. ನಾನೂ ನಕ್ಕೆ, ಆಮೇಲೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಐದಾರು ವರ್ಷಗಳ ಹಿಂದೆ, ಹಬ್ಬ ಇನ್ನೊಂದು ವಾರ ಇರುವಾಗ, ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿಬಿದ್ದು ಬಲಗೈ ಮುರಿದುಕೊಂಡರು. "ಈ ವರ್ಷ ಯಾರಿಗೂ ಕೊಡೂದು ಬ್ಯಾಡ ಬಿಡು. ಕೈ ಮುರದೈತಿ ಅಂದ್ರ ಮಂದಿಗೆ ತಿಳೀತೈತಿ" ಎಂದರು. ನನ್ನನ್ನು ಉಳಿಸಲಿಕ್ಕೆಂದೇ ಆಡಿದ ಮಾತು. ಆದರೂ ಮುಳ್ಳಿನಂತೆ ಚುಚ್ಚಿತು. ಈ ಮನೆಯಲ್ಲಿ ನಾನೊಬ್ಬಳು ಇದ್ದೇನೆ ಎಂಬ ಲೆಕ್ಕವೇ ಇಲ್ಲವಲ್ಲ! "ನಾನು ಬಡೀತೀನಿ ಅತ್ತೆ" ಎಂದುಬಿಟ್ಟೆ.

ಹಬ್ಬದ ಬೆಳಿಗ್ಗೆ ನಮ್ಮವರು ಅತ್ತೆಯನ್ನು ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋದರು. ನಾನೊಬ್ಬಳೇ. ಎಂಟು ಮನೆ, ಮನೆಗೆ ನಾಲ್ಕು ರೊಟ್ಟಿ. ಬಿಸಿ ಎಸರು ಹಾಕಿ ಹಿಟ್ಟು ನಾದಿ ಮೊದಲನೆಯದಕ್ಕೆ ಕೂತೆ. ಹರಿಯಿತು. ಎರಡನೆಯದೂ ಹರಿಯಿತು. ಮೂರನೆಯದನ್ನು ಹಂಚಿನಿಂದ ಕೆರೆದು ತೆಗೆಯುವಾಗ ಕಣ್ಣಲ್ಲಿ ನೀರು ಬಂತು. ಯಾರೂ ನೋಡದಿದ್ದರೂ ಕೈ ನಡುಗುತ್ತಿತ್ತು. ಸಂಜೆ ನೋಡಲಿರುವ ಎಂಟು ಮನೆಯ ಕಣ್ಣುಗಳು ಆಗಲೇ ಬಂದು ಅಡುಗೆಮನೆಯಲ್ಲಿ ಕೂತಿದ್ದವು.

ಆಗ ಗೋಡೆಯಾಚೆ ಸಪ್ಪಳ ಶುರುವಾಯಿತು. ನಮ್ಮದು ಜೋಡಿಮನೆ, ಎರಡು ಅಡುಗೆಮನೆಗಳಿಗೆ ನಡುವೆ ಒಂದೇ ಗೋಡೆ. ಆಚೆಯ ಮನೆಯ ಜೈತುನ್‌ಬೀಯನ್ನು ನಾನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತೇನೆ. ಅವರ ಯಜಮಾನರದು ಗಾಡಿ ರಿಪೇರಿಯ ಅಂಗಡಿ. ಮೌಶಿ ರೊಟ್ಟಿ ಬಡಿಯುವ ಸಪ್ಪಳ ದಿನವೂ ಕೇಳುವಂಥದ್ದೇ, ಆದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಸಮಾಧಾನವೇ ಆಯಿತು. ಅವರ ಕೈ ಹಿಡಿದುಕೊಂಡು ಹೋದಂತೆ ನಾನೂ ಬಡಿಯತೊಡಗಿದೆ. ಅಲ್ಲಿ ನಿಧಾನವಾದರೆ ಇಲ್ಲಿ ನಿಧಾನ, ಅಲ್ಲಿ ಜೋರಾದರೆ ಇಲ್ಲಿ ಜೋರು. ಅಂಚಿಗೆ ಬಂದಾಗ ಆ ಸಪ್ಪಳ ಬಹಳ ಮೆತ್ತಗಾಗುತ್ತಿತ್ತು. ನಾನು ಇಷ್ಟು ವರ್ಷ ಅಂಚನ್ನೇ ಜೋರಾಗಿ ಬಡಿಯುತ್ತಿದ್ದೆ ಎಂಬುದು ಆಗ ಗೊತ್ತಾಯಿತು. ನಾಲ್ಕನೆಯ ರೊಟ್ಟಿ ಹರಿಯದೆ ಹಂಚಿಗೆ ಹೋಯಿತು, ಉಬ್ಬಿತು.

ಇಲ್ಲಿಯವರೆಗೆ ವಿಚಿತ್ರವೇನೂ ಇಲ್ಲ. ಹತ್ತನೆಯದೋ ಹನ್ನೊಂದನೆಯದೋ ಎತ್ತುವಾಗ ಮತ್ತೆ ಹರಿಯಿತು. ಆ ಕ್ಷಣವೇ ಆಚೆಯ ಸಪ್ಪಳ ನಿಂತಿತು. ನಾನು ಹಿಟ್ಟು ಒಟ್ಟುಗೂಡಿಸಿ, ಮತ್ತೆ ಉಂಡೆ ಮಾಡಿ, ಕಲ್ಲಿನ ಮೇಲಿಡುವ ತನಕ ಸುಮ್ಮನಿತ್ತು. ಆಮೇಲೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ. ನನಗಾಗಿ ಕಾದಂತೆ. ಕೆಲಸದ ಭರದಲ್ಲಿ ನಾನು ಅದನ್ನು ಯೋಚಿಸಲಿಲ್ಲ, "ಮೌಶಿಗೂ ಹರಿಯಿತೇನೋ" ಎಂದು ನಕ್ಕೆ.

ಇಪ್ಪತ್ತನಾಲ್ಕು ಆಗುವಾಗ ಅತ್ತೆ ಬಂದರು. ನಮ್ಮವರು ಅವರನ್ನು ಗೇಟಿನ ಬಳಿ ಇಳಿಸಿ ಕೆಲಸಕ್ಕೆ ಹೋಗಿದ್ದರು. ಗೇಟು ಸದ್ದಾದೊಡನೆ ಆಚೆಯ ಸಪ್ಪಳ ನಿಂತಿತ್ತು. ಬಾಗಿಲಲ್ಲೇ ಅತ್ತೆ ಕೇಳಿದರು, "ಯಾರನ್ನ ಕರಕೊಂಡೀವಾ ಜೋಡಿಗೆ? ಇಬ್ಬರು ಬಡಿಯೂ ಸಪ್ಪಳ ಹೊರಗಿನ ತನಕಾ ಕೇಳಾಕತ್ತಿತ್ತು."

"ಇಲ್ಲ ಅತ್ತೆ, ಆಚೆ ಮೌಶಿ ಬಡೀತಿದ್ದಾರೆ."

"ಜೈತುನ್ ಎಲ್ಲಿದ್ದಾಳ? ನಿನ್ನೆನ ನೀ ಕಾಲೇಜಿಗೆ ಹೋದ ಮ್ಯಾಲ ಎಲ್ಲಾರೂ ಮದುವಿಗಂತ ಗದಗಕ್ಕ ಹೋದ್ರಲಾ. ಕೀಲಿ ನನ್ನ ಕಡೇನ ಐತಿ."

ಕೀಲಿ ತೆಗೆದುಕೊಂಡು ಇಬ್ಬರೂ ಹೋಗಿ ನೋಡಿದೆವು. ಮುಂದಿನ ಬಾಗಿಲಿಗೆ ಬೀಗ, ಹಿಂದಿನದಕ್ಕೆ ಒಳಗಿನಿಂದ ಚಿಲಕ. ಒಲೆ ತಣ್ಣಗಿತ್ತು. ಬಡಿಯುವ ಕಲ್ಲು ತೊಳೆದು ಗೋಡೆಗೆ ಒರಗಿಸಿತ್ತು, ಒಣಗಿತ್ತು. ಒಂದು ಚಿಟಿಕೆ ಹಿಟ್ಟೂ ಎಲ್ಲೂ ಬಿದ್ದಿರಲಿಲ್ಲ.

ನಿಜ ಹೇಳುತ್ತೇನೆ, ಹೆದರಿದ್ದು ಆ ಸಪ್ಪಳಕ್ಕಲ್ಲ. ಇಷ್ಟು ಹೊತ್ತು ನನ್ನನ್ನು ನಡೆಸಿದ್ದು ಇನ್ನಿಲ್ಲವಲ್ಲ ಎಂದು ಹೆದರಿದೆ. ಮನೆಗೆ ಬಂದು "ಸಾಕು ಅತ್ತೆ, ಆರು ಮನೆಗೆ ಕೊಡೋಣ" ಎಂದೆ. ಅತ್ತೆ ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿ ಕೂತರು.

"ಇನ್ನ ಎಂಟು ಕಮ್ಮಿ ಬಿದ್ದಾವ. ಬಡಿ."

"ನೀವು ನೋಡಬೇಡಿ ಅತ್ತೆ."

"ನಾ ನೋಡಲಿಲ್ಲಂದ್ರ ಮತ್ಯಾರು ನೋಡಬೇಕವಾ?"

ಗೋಡೆಯಾಚೆ ಪೂರ್ತಿ ಮೌನ. ಕಲ್ಲಿನ ಮೇಲೆ ಉಂಡೆಯಿಟ್ಟೆ. ಕೈ ನಡುಗಿತು. ನಡುಗುವ ಕೈಯಲ್ಲೇ ಬಡಿದೆ, ಅಂಚಿಗೆ ಬಂದಾಗ ಮೆತ್ತಗಾದೆ. ಆ ರೊಟ್ಟಿ ಹರಿಯಲಿಲ್ಲ. ನಾಲ್ಕನೆಯದರ ಹೊತ್ತಿಗೆ ಅತ್ತೆ ನೋಡುತ್ತಿದ್ದಾರೆ ಎಂಬುದೇ ಮರೆತುಹೋಗಿತ್ತು. ಎಂಟೂ ಮುಗಿದ ಮೇಲೆ ತಲೆಯೆತ್ತಿದರೆ ಅವರು ಎಡಗೈಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಹೊಗಿ ಭಾಳ ಆತು" ಎಂದರು. ನಮ್ಮದು ಗ್ಯಾಸಿನ ಒಲೆ.

ನಮ್ಮವರು ಪೈಪಿನ ಸದ್ದು, ಪ್ರತಿಧ್ವನಿ ಎಂದೆಲ್ಲ ಹೇಳಿನೋಡಿದರು. ಪ್ರತಿಧ್ವನಿ ನನ್ನ ಕೈಗಿಂತ ಮುಂಚೆ ಹೇಗೆ ಬರುತ್ತದೆ ಎಂದು ಕೇಳಿದೆ. ಮೌಶಿ ಮಾತ್ರ ಗದಗದಿಂದ ಬಂದ ಮೇಲೆ ಎಲ್ಲವನ್ನೂ ಕೇಳಿ ನಗಲಿಲ್ಲ. ಮದರಂಗಿ ಹಚ್ಚಿದ ಕೈ ತೋರಿಸಿದರು. "ನಾನಂತೂ ಅಲ್ಲವಾ, ಈ ಕೈಲೆ ಎರಡು ದಿನ ಹಿಟ್ಟು ಮುಟ್ಟಿಲ್ಲ. ಯಾರರ ಇರ್ಲಿ, ಛಲೋ ಕಲಿಸ್ಯಾರ."

ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಸಪ್ಪಳ ಮತ್ತೆ ಬರಲೂ ಇಲ್ಲ. ಈಗ ಓಣಿಯ ಹೆಂಗಸರೆಲ್ಲ ಸುತ್ತ ಕೂತಿದ್ದರೂ ಹರಟುತ್ತಾ ರೊಟ್ಟಿ ಬಡಿಯುತ್ತೇನೆ. ಆದರೆ ಪ್ರತಿ ಸಲ ಮೊದಲ ಉಂಡೆಯನ್ನು ಕಲ್ಲಿನ ಮೇಲಿಟ್ಟು, ಒಂದು ಗಳಿಗೆ ಕೈ ತಡೆದು, ಗೋಡೆಯ ಕಡೆ ಕಿವಿಗೊಡುತ್ತೇನೆ. ಏನೂ ಕೇಳುವುದಿಲ್ಲ. ನಾನೇ ಶುರು ಮಾಡುತ್ತೇನೆ.