ಅರ್ಪಣೆಯ ಪುಟಕ್ಕೆ ಎರಡನೆಯ ಆಧಾರ

2018ರ ಮಾರ್ಚ್ 14, ಬುಧವಾರ. ಆಧಾರ: ಶಹಾಪುರದ ಬೇಳೆ ಮಿಲ್ಲಿನ ಸಂದರ್ಶನದ ಧ್ವನಿಮುದ್ರಣ. ನನ್ನ ಹೆಂಡತಿ ನನ್ನೊಂದಿಗೆ ಕ್ಷೇತ್ರಕಾರ್ಯಕ್ಕೆ ಬಂದ ಕೊನೆಯ ದಿನ ಅದು. ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ಇದೊಂದಕ್ಕೆ ನಾನು ಆಧಾರ ಹುಡುಕಿಲ್ಲ.

ಸಣ್ಣ ಊರಿನ ಉದ್ಯಮಗಳು ಹೊಸ ಯಂತ್ರ, ಹೊಸ ಪದ್ಧತಿಗಳನ್ನು ಯಾವಾಗ, ಏಕೆ ಒಪ್ಪಿಕೊಳ್ಳುತ್ತವೆ ಎಂಬುದು ನಿವೃತ್ತನಾಗುವವರೆಗೂ ನನ್ನ ಸಂಶೋಧನೆಯ ವಿಷಯವಾಗಿತ್ತು. ಒಬ್ಬರೇ ಹೇಳಿದ ಘಟನೆಯನ್ನು ನಾನು ಒಪ್ಪುತ್ತಿರಲಿಲ್ಲ. ಎರಡನೆಯ ಆಧಾರ ಸಿಗಬೇಕಿತ್ತು. ಸಂದರ್ಭದ ಒತ್ತಡದಲ್ಲಿ ಆದದ್ದನ್ನು ಉದ್ಯಮಿಗಳು ಮುಂದೆ ತಮ್ಮ ತೀರ್ಮಾನವೆಂದೇ ಪ್ರಾಮಾಣಿಕವಾಗಿ ನೆನೆಯುತ್ತಾರೆ ಎಂದು ನಾನು ಹಲವೆಡೆ ಬರೆದಿದ್ದೇನೆ. ಸುರಪುರದಲ್ಲಿ ಹುಟ್ಟಿದ ನನ್ನ ಹೆಂಡತಿ ನನ್ನ ಗ್ರಾಂಥಿಕ ಪ್ರಶ್ನೆಗಳನ್ನು ಊರಿನ ಮಾತಿಗೆ ತಿರುಗಿಸಿ ಕೇಳುತ್ತಿದ್ದಳು.

ಈಗ ಆ ಅಧ್ಯಯನಗಳ ಸಂಪುಟ ಅಚ್ಚಿಗೆ ಸಿದ್ಧವಾಗಿದೆ. ಅರ್ಪಣೆಯ ಪುಟಕ್ಕೆ ಒಂದೇ ವಾಕ್ಯ ಬರೆದಿದ್ದೆ: ‘ತಿಂಥಣಿಯಲ್ಲಿ, ಕೃಷ್ಣೆಯ ನೀರಿಗೆ ಕಾಲು ಇಳಿಬಿಟ್ಟು ಅವಳು ಕುಳಿತಿದ್ದ ಸಂಜೆಗೆ.’ ಮದುವೆಯಾದಾಗಿನಿಂದ ಅವಳು ತೋರಿಸುತ್ತೇನೆನ್ನುತ್ತಿದ್ದ ಹೊಳೆದಂಡೆ ಅದು. ಶಹಾಪುರದ ಕೆಲಸ ಮುಗಿಸಿ, ಸುರಪುರದಲ್ಲಿ ಚಹಾ ಕುಡಿದು, ಆ ಸಂಜೆ ಅಲ್ಲಿಗೆ ಹೋದೆವು. ಏಳುವಾಗ ಅವಳು ನನ್ನ ಎಡಭುಜವನ್ನು ಹಿಡಿದುಕೊಂಡಳು. ಅವಳ ಕೈ ಒದ್ದೆಯಾಗಿತ್ತು. ನಾನು ನೆನೆಯುವುದು ಹೀಗೆ.

ತಾರೀಖನ್ನು ಖಚಿತಪಡಿಸಿಕೊಳ್ಳಲೆಂದು ಆ ದಿನದ ಧ್ವನಿಮುದ್ರಣವನ್ನು ಹಾಕಿದೆ. ಕಪ್ಪು ಕಾಳನ್ನು ಕ್ಯಾಮೆರಾದಿಂದ ಗುರುತಿಸಿ ಊದಿ ಹೊರಹಾಕುವ ಯಂತ್ರವನ್ನು ಮಿಲ್ಲಿಗೆ ತಂದ ಕಾರ್ಯತಂತ್ರವೇನೆಂದು ನಾನು ಕೇಳುತ್ತಿದ್ದೇನೆ.

“ತಂತ್ರ ಗಿಂತ್ರ ಏನಿಲ್ರಿ ಸಾಹೇಬ್ರ,” ಎನ್ನುತ್ತಾರೆ ಮಾಲೀಕರು. “ಬಾಜೂ ಮಿಲ್ಲಿನವ ತಂದ, ನಾವೂ ತಂದೇವಿ.”

“ಇಡೀ ಶಹಾಪುರದಾಗ ಮೊದ್ಲ ತಂದವ್ರು ನಾವ ಅಂತ ಈಗರ ಅಂದ್ರಲ್ಲ ಮಾಲಕ್ರ?” ಅವಳ ಧ್ವನಿ.

“ಯಾ ಅಲ್ಲಾ! ಬಾಯಾರ, ನೀವು ವಕೀಲ್ರಾಗಬೇಕಿತ್ತು ನೋಡ್ರಿ.”

“ಮನ್ಯಾಗ ದಿನಾ ಕೇಸ್ ನಡೀತದ್ರಿ. ಸಾಕ್ಷಿ ಬೇಕು ಸಾಕ್ಷಿ ಅಂತ ಇವ್ರು ಜೀವಾ ತಿಂತಾರ.”

ಎಲ್ಲರೂ ನಗುತ್ತಾರೆ. ಅವಳ ನಗು ಕೆಮ್ಮಾಗಿ ತುಸು ಹೊತ್ತು ನಿಲ್ಲುವುದಿಲ್ಲ. ಆ ಕೆಮ್ಮು ನನ್ನ ನೆನಪಿನಲ್ಲಿರಲಿಲ್ಲ.

ಧ್ವನಿಮುದ್ರಣದ ಯಂತ್ರವನ್ನು ನಿಲ್ಲಿಸದೆಯೇ ಅವಳು ಚೀಲಕ್ಕೆ ಹಾಕಿಕೊಂಡಿರಬೇಕು. ಮುಂದೆ ಕಾರಿನ ಸದ್ದು, ಸುರಪುರದ ಚಹಾದ ಕಪ್ಪುಗಳು, ಆಮೇಲೆ ಚಾಲಕನ ಪ್ರಶ್ನೆ:

“ಅಮ್ಮಾರ, ತಿಂಥಣಿ ಕಡಿಗಿ ಬಿಡ್ಲೇನ್ರಿ?”

“ಇವತ್ತ ಬ್ಯಾಡೋ ತಮ್ಮಾ, ಯಾಕೋ ಭಾಳ ದಣಿವಾಗ್ಯಾದ. ಹೊಳಿ ಎಲ್ಲಿ ಓಡಿ ಹೋಗ್ತದ? ಮುಂದಿನ ಸಲ ಹೋದ್ರಾತು.”

“ಹಾಗಾದರೆ ಯಾದಗಿರಿಗೇ ತಿರುಗಿಸು,” ಎಂಬುದು ನನ್ನ ಧ್ವನಿ.

ಮೂರು ಬಾರಿ ಕೇಳಿದೆ. ಸಂಪುಟದಲ್ಲಿ ಬೇರೆ ಯಾರದೇ ನೆನಪಾಗಿದ್ದರೂ ಇಂಥ ವಾಕ್ಯವನ್ನು ಉಳಿಸುತ್ತಿರಲಿಲ್ಲ. ಅರ್ಪಣೆಯ ಪುಟದಲ್ಲಿ ಈಗ ಅವಳ ಹೆಸರು ಮಾತ್ರ ಇದೆ.

ಯಾದಗಿರಿಯ ವಸತಿಗೃಹದವರು ಕೊಠಡಿಯ ಬೀಗದ ಕೈ ಕೊಡುವವರೆಗೂ ಧ್ವನಿಮುದ್ರಣ ಎಲ್ಲಿಯೂ ತುಂಡಾಗದೆ ಸಾಗುತ್ತದೆ. ನಡುವೆ ಹೊಳೆಯಿಲ್ಲ.