ಅತ್ತೆ ಮೆಚ್ಚಿದ ದ್ವೀಪ

ನನ್ನ ಗಂಡನಿಗೆ ದ್ವೀಪ ಕೊಳ್ಳುವ ಹುಚ್ಚು ಹತ್ತಿದ್ದು ಒಂದು ಕುಂಬಳಬಳ್ಳಿಯಿಂದ. ೨೦೨೧ರ ಬೇಸಿಗೆಯಲ್ಲಿ ಜಾನ್ಸ್ ಕ್ರೀಕ್‌ನ ನಮ್ಮ ಮನೆಯ ಮುಂದೆ ಅವನು ಹಬ್ಬಿಸಿದ್ದ ಬಳ್ಳಿಯನ್ನು ಕಿತ್ತುಹಾಕಬೇಕೆಂದು ಬಡಾವಣೆಯ ಸಂಘದಿಂದ ಪತ್ರ ಬಂತು. ಮನೆ ಮುಂದೆ ಹುಲ್ಲು ಮಾತ್ರ ಇರಬೇಕಂತೆ.

"ಯಾರ ಪರ್ಮಿಷನ್ನೂ ಕೇಳದೆ ಇರೋ ಜಾಗ ಬೇಕು ನಂಗೆ," ಎಂದು ಲ್ಯಾಪ್‌ಟಾಪ್ ಮುಂದೆ ಕುಳಿತವನು, ದ್ವೀಪಗಳನ್ನಷ್ಟೇ ಮಾರುವ ಬ್ರೋಕರ್ ಒಬ್ಬಳನ್ನು ಹುಡುಕಿಯೇಬಿಟ್ಟ. ಸೌತ್ ಕ್ಯಾರೊಲಿನಾದ ಕರಾವಳಿಯಲ್ಲಿ ಒಂದು ಪುಟ್ಟ ದ್ವೀಪವಿತ್ತು. ಬೆಲೆ ನಮ್ಮ ಮನೆಗಿಂತ ಕಡಿಮೆ!

ನೋಡಲು ಹೊರಟಾಗ, ಮೈಸೂರಿನಿಂದ ಬಂದು ನಮ್ಮೊಡನಿದ್ದ ಅತ್ತೆಯನ್ನೂ ಹೊರಡಿಸಿದೆ. ಮಗನ ಹುಚ್ಚು ಬಿಡಿಸುವ ಶಕ್ತಿ ಅವರಿಗೊಬ್ಬರಿಗೇ ಇತ್ತು.

ರಬ್ಬರ್ ಬೂಟು ತೊಟ್ಟ ಬೆಳ್ಳಿಗೂದಲಿನ ಬ್ರೋಕರ್ ತಾನೇ ದೋಣಿ ನಡೆಸಿದಳು. ನಡುವೆ ಗಂಡನನ್ನು ಕೇಳಿದಳು: "ಒಬ್ಬರೇ ಅತಿ ಹೆಚ್ಚೆಂದರೆ ಎಷ್ಟು ದಿನ ಇದ್ದೀರಿ?"

"ಕೋವಿಡ್ ಬಂದಾಗ ಹತ್ತು ದಿನ, ಗೆಸ್ಟ್ ರೂಮಲ್ಲಿ," ಎಂದ ಹೆಮ್ಮೆಯಿಂದ. ಆ ಹತ್ತು ದಿನವೂ ಬಾಗಿಲಾಚೆಯಿಂದ ನನ್ನೊಡನೆ ಒಂದೇ ಸಮ ಮಾತಾಡಿದ್ದನ್ನು ಹೇಳಲಿಲ್ಲ.

ದ್ವೀಪದಲ್ಲಿ ಓಕ್ ಮರಗಳಿದ್ದವು, ಕೆಸರಿತ್ತು, ಲೆಕ್ಕವಿಲ್ಲದಷ್ಟು ಸೊಳ್ಳೆಗಳಿದ್ದವು. ಕರೆಂಟಿರಲಿಲ್ಲ, ಕುಡಿಯುವ ನೀರಿರಲಿಲ್ಲ. ಬಾವಿ ತೋಡಲು, ದೋಣಿ ಕಟ್ಟುವ ಕಟ್ಟೆಗೆ, ಕಕ್ಕಸಿನ ಗುಂಡಿಗೆ, ಒಂದೊಂದಕ್ಕೂ ಬೇರೆ ಬೇರೆ ಕಚೇರಿಯ ಅನುಮತಿ ಬೇಕೆಂದು ಬ್ರೋಕರ್ ಬೆರಳು ಮಡಿಸುತ್ತಾ ಹೇಳಿದಳು. ಗಂಡನ ಮುಖ ಇಳಿಯುತ್ತಾ ಹೋಯಿತು. ಇನ್ನು ಅತ್ತೆ ಎರಡು ಮಾತು ಆಡಿದರೆ ಮುಗಿಯಿತು ಎಂದು ತಿರುಗಿ ನೋಡಿದರೆ ಅತ್ತೆಯೇ ಇಲ್ಲ!

ಮೂವರೂ ಕೂಗಿಕೊಂಡು ಓಡಿದೆವು. ಕೊನೆಗೆ ಆಚೆ ದಡದ ಕಡೆಯಿಂದ ಅವರೇ ಬಂದರು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದರು, ಚಪ್ಪಲಿ ಕೈಯಲ್ಲಿತ್ತು.

"ಎಲ್ಲಿಗೆ ಹೋಗಿದ್ರಿ ಅತ್ತೆ? ಗಾಬರಿ ಆಗೋಯ್ತು!"

"ಒಂದು ಸುತ್ತು ಹಾಕ್ಕೊಂಡು ಬಂದೆ ಕಣೇ. ಎಲ್ಲಿ ಹೋದ್ರೂ ನೀರೇ ಅಡ್ಡ ಬರತ್ತೆ, ದಾರಿ ತಪ್ಪೋದಾದ್ರೂ ಹೇಗೆ?" ಎಂದು ಮಗನ ಕಡೆ ತಿರುಗಿದರು. "ತಗೊಂಡ್ಬಿಡೋ ಇದನ್ನ."

ನಾನು ಬೆಪ್ಪಾದೆ.

"ಅಮ್ಮಾ, ಇಲ್ಲಿ ಬಾತ್‌ರೂಮ್ ಕಟ್ಟೋಕೂ ಪರ್ಮಿಷನ್ ಬೇಕಂತೆ!"

"ಇರ್ಲಿ ಬಿಡೋ. ಅಲ್ಲಿ ಹೊಸಿಲು ದಾಟಿದ್ರೆ ಸಾಕು, ಕಾರಲ್ಲಿ ಕೂರಿಸಿ ಬೆಲ್ಟ್ ಬಿಗಿದುಬಿಡ್ತೀರ. ಈ ದೇಶಕ್ಕೆ ಬಂದಮೇಲೆ ನಾನು ಒಬ್ಳೇ ನಡೆದಿದ್ದು ಇವತ್ತೇ."

ಅವರಿಗೆ ಕಷ್ಟವಾಗದಿರಲೆಂದು ಎಲ್ಲಿಗೂ ನಾವೇ ಕರೆದೊಯ್ಯುತ್ತಿದ್ದೆವು. ಅದನ್ನೇ ಪ್ರೀತಿ ಎಂದುಕೊಂಡಿದ್ದೆವು. ಏನಾಯಿತೆಂದು ಬ್ರೋಕರ್ ಕೇಳಿದಳು. ಗಂಡ ಹೇಳಿದಾಗ ಅವಳು ಜೋರಾಗಿ ನಕ್ಕು, "ನನ್ನ ಗಿರಾಕಿ ನೀವಲ್ಲ, ನಿಮ್ಮಮ್ಮ," ಎಂದಳು.

ದ್ವೀಪ ಕೊಳ್ಳಲಿಲ್ಲ. ಮುಂದಿನ ಶನಿವಾರ ಅತ್ತೆಯನ್ನು ಮನೆ ಹತ್ತಿರದ ನದಿದಂಡೆಯ ಪಾರ್ಕಿನ ಬಾಗಿಲಲ್ಲಿ ಇಳಿಸಿ, ನಾವು ಕಾರಿನಲ್ಲೇ ಕುಳಿತೆವು. ಮೂರು ಸಲ ಇಳಿಯಲು ಹೋದ ಗಂಡನನ್ನು ಮೂರು ಸಲವೂ ತೋಳು ಹಿಡಿದು ಎಳೆದೆ. ಒಂದು ಗಂಟೆಯ ಮೇಲೆ ಅತ್ತೆ ಬೆವರೊರೆಸಿಕೊಳ್ಳುತ್ತಾ ಬಂದು ಕುಳಿತರು.

"ಚೆನ್ನಾಗಿತ್ತಾ ಅಮ್ಮ?"

"ಚೆನ್ನಾಗೇ ಇತ್ತು. ನಾಳೆ ಕಾರನ್ನ ಇನ್ನೊಂಚೂರು ದೂರ ನಿಲ್ಸು. ಅಲ್ಲಿಂದ ನೀವಿಬ್ರೂ ಕಾಣ್ತಾ ಇದ್ರಿ."