ಊದಣ್ಣನ ಗಾಜು

ಸೌರಕೋಶಗಳ ಪ್ರಯೋಗಶಾಲೆಯಲ್ಲಿ ಅವನಿಗೆ ಊದಣ್ಣ ಅಂತಲೇ ಹೆಸರು. ಗಾಜು ತೊಳೆದು ಯಂತ್ರದೊಳಗೆ ಜೋಡಿಸುವುದು ಅವನ ಕೆಲಸ. ಆ ಗಾಜಿನ ಒಂದು ಮೈಗೆ ಮಾತ್ರ ಕರೆಂಟು ಹರಿಯುವ ಲೇಪ ಇರುತ್ತದೆ. ಬೆಳಕು ಒಳಗೆ ಹಾಯಬೇಕಲ್ಲ, ಹಾಗಾಗಿ ಲೇಪ ಕಣ್ಣಿಗೆ ಕಾಣುವುದಿಲ್ಲ. ಆ ಮೈಮೇಲೆ ಕೋಶ ಕಟ್ಟಿದರೆ ಸರಿ. ತಿರುವುಮುರುವಾದರೆ ಕೋಶ ಸತ್ತಂತೆ. ಉಳಿದವರೆಲ್ಲ ಮೀಟರ್ ಹಿಡಿದು ನೋಡಿದರೆ, ಇವನು ‘ಹಾ’ ಎಂದು ಊದಿ, ಆವಿ ಕೂತ ರೀತಿಯಲ್ಲೇ ಹೇಳಿಬಿಡುತ್ತಿದ್ದ. ಹದಿನಾಲ್ಕು ವರ್ಷ ಒಂದೂ ತಪ್ಪಿರಲಿಲ್ಲ. ಜಂಬಕ್ಕೇನು ಕಡಿಮೆ! “ಲೋಟಕ್ಕೂ ಊದ್ತೀರಲ್ಲ, ನೀರು ಯಾವ ಕಡೆ ಹಾಕ್ಬೇಕು ಅಂತಾನಾ?” ಎಂದು ಹೆಂಡತಿ ರೇಗಿಸುತ್ತಿದ್ದಳು.

ಹೋದ ವಾರ ಹೊಸ ಲೇಪದ ಗಾಜು ಬಂತು. ಅದರ ಮೇಲೆ ಕಟ್ಟಿದ ಕೋಶಗಳಲ್ಲಿ ಅರ್ಧಕ್ಕರ್ಧ ಸತ್ತೇ ಹೊರಬಂದವು. ಸಂಶೋಧನೆ ನಡೆಸುತ್ತಿದ್ದ ಮೇಡಮ್, ಅವನ ಮಗಳ ವಯಸ್ಸಿನವಳು, ಕೋಶ ಕಟ್ಟಲು ತಾನು ಕಂಡುಹಿಡಿದ ಮಿಶ್ರಣದಲ್ಲೇ ದೋಷವಿದೆ ಎಂದುಕೊಂಡಳು. ಮೂರು ವರ್ಷ ಜೀವ ತೇಯ್ದು ಮಾಡಿದ ಮಿಶ್ರಣ. ಇವತ್ತೂ ಕೈಕೊಟ್ಟರೆ ಅದನ್ನು ಬಿಟ್ಟುಬಿಡುತ್ತೇನೆ ಎಂದಿದ್ದಳು.

ಇಪ್ಪತ್ತು ಗಾಜು ಊದಿ ಜೋಡಿಸಿ, ಯಂತ್ರದ ಬಾಗಿಲು ಮುಚ್ಚಿ, ಗಾಳಿ ಎಳೆಯುವ ಪಂಪು ಹಾಕಿದ ಮೇಲೆ ಊದಣ್ಣನಿಗೆ ಕಸಿವಿಸಿ ಶುರುವಾಯಿತು. ಈ ಹೊಸ ಗಾಜಿನ ಎರಡೂ ಮೈಮೇಲೆ ಆವಿ ಒಂದೇ ಥರ ಕೂತಿತ್ತಲ್ಲವೇ? ವ್ಯತ್ಯಾಸ ಕಂಡಿದ್ದು ಕಣ್ಣಿಗೋ, ಕಾಣಲೇಬೇಕೆಂಬ ಹಟಕ್ಕೋ? ಊಟದ ಡಬ್ಬಿ ತೆರೆದ, ಮುಚ್ಚಿದ. ಕಾರಿಡಾರಿನಲ್ಲಿ ಐದಾರು ಸಲ ಅಡ್ಡಾಡಿದ. ಹೇಳಿದರೆ ಇದ್ದ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಆ ಹುಡುಗಿಯ ಮೂರು ವರ್ಷ ಮಣ್ಣುಪಾಲು. ಒಳಗೆ ಹೋಗಿ ಅವಳ ಮುಂದೆ ನಿಂತ.

“ಮೇಡಮ್, ಯಂತ್ರ ನಿಲ್ಸಿ. ಒಂದ್ಸಲ ಮೀಟರ್ ಹಿಡಿದು ನೋಡೋಣ.”

“ಯಾಕಣ್ಣ? ನೀವು ಊದಿದ್ಮೇಲೆ ಮುಗೀತಲ್ಲ. ನಂಗೆ ನಂಬಿಕೆ ಇದೆ.”

“ನಂಗಿಲ್ಲಮ್ಮ.”

ಬಾಗಿಲು ತೆರೆಸಿ ಅವಳೇ ಒಂದೊಂದನ್ನೂ ಅಳೆದಳು. ಹನ್ನೊಂದು ಸರಿ, ಒಂಬತ್ತು ತಿರುವುಮುರುವು.

“ಹೋಗ್ಲಿ ಬಿಡಿ, ಹನ್ನೊಂದಾದ್ರೂ ಸರಿ ಇದ್ವಲ್ಲ” ಎಂದು ಸಮಾಧಾನ ಹೇಳಿದಳು.

ಕಣ್ಣು ಮುಚ್ಚಿಕೊಂಡು ಜೋಡಿಸಿದ್ದರೂ ಅಷ್ಟು ಸರಿಯಾಗುತ್ತಿದ್ದವು. ಊದಣ್ಣ ತಪ್ಪಿದ ಒಂಬತ್ತನ್ನು ಬೇರೆ ಎತ್ತಿಟ್ಟ. “ಹೋದ ವಾರ ಕೆಟ್ಟಿದ್ದೂ ಹೆಚ್ಚುಕಮ್ಮಿ ಇಷ್ಟೇ ಅಲ್ವಾ ಮೇಡಮ್? ಅವನ್ನೂ ನಾನೇ ಊದಿ ಇಟ್ಟಿದ್ದು.”

ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, “ಹಾಗಾದ್ರೆ ನಂದು ಕೆಟ್ಟಿರ್ಲಿಲ್ವಾ ಅಣ್ಣ?” ಎನ್ನುತ್ತಲೇ ಅತ್ತುಬಿಟ್ಟಳು.